ಅಜ್ಜನ ಅಸಲಿ ರೂಪಾಯಿ

ಕೊಟ್ರೇಶ, ಭೂಮಿಕಾ, ನಿಮ್ಮ ಅಜ್ಜ ನನ್ನ ಮುಖಕ್ಕಿಂತ ರೂಪಾಯಿ ನಾಣ್ಯದ ಮುಖವನ್ನೇ ಹೆಚ್ಚು ನೋಡಿದವರು. ಅವರ ಹೆಸರನ್ನು ನಾನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಈಗ ಬರೆಯಲೂ ಕೈ ಬರುತ್ತಿಲ್ಲ. ನಿಮಗೆ ಗೊತ್ತಿದೆಯಲ್ಲ, ಸಾಕು.

ಕೂಡ್ಲಿಗಿ-ಕೊಟ್ಟೂರು ಬಸ್ಸಿಗೆ ಅವರು ಕಂಡಕ್ಟರ್. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಭೂತಗನ್ನಡಿ. ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದ ನಾಣ್ಯ ಒಂದಾದರೂ ಕೈಗೆ ಬರಲಿ ಎಂಬುದು ಅವರ ಜನ್ಮದ ಆಸೆ. ಸೊಟ್ಟ ನಾಣ್ಯ ಕಂಡರೆ ಟಿಕೆಟ್ಟು ಹರಿಯುವುದೇ ಮರೆತುಹೋಗುತ್ತಿತ್ತು.

"ಚಿಲ್ರಿ ಕೊಡ್ರಿ, ನಮ್ಮೂರು ಬಂತು."

"ತಡೀಬೇ ಯಮ್ಮಾ. ಇದು ಹುಟ್ಟಿದಾಗಿಂದ ಹಿಂಗೈತೋ, ಆಮ್ಯಾಲೆ ಯಾರರ ಜಜ್ಜ್ಯಾರೋ ನೋಡ್ತೀನಿ."

"ನಾ ಹಡದಿದ್ದಲ್ಲಪ್ಪ ಅದು. ಮೊದ್ಲು ಬಸ್ ನಿಂದ್ರಸು."

ಸಿಕ್ಕವೆಲ್ಲ ಟಂಕಸಾಲೆ ಬಿಟ್ಟ ಮೇಲೆ ಪೆಟ್ಟು ತಿಂದವೇ. ಒಂದು ಹಪ್ಪಳದಂತೆ ತೆಳ್ಳಗಾಗಿತ್ತು. ಹುಡುಗರು ರೈಲು ಹಳಿಯ ಮೇಲೆ ಇಟ್ಟದ್ದು. ಮೇಲೆ ಗುಬುಟು ಎದ್ದಿದ್ದ ಇನ್ನೊಂದನ್ನು ವಾರವಿಡೀ ಊರಿಗೆಲ್ಲ ತೋರಿಸಿ ಮೆರೆದರು. ಅಕ್ಕಸಾಲಿಗ ಕಣ್ಣು ಹಾಯಿಸಿ, "ಯಾರದೋ ಸರದಾಗಿನ ರೂಪಾಯಿರಿ. ಕೊಂಡಿ ಬಿದ್ದು ಬೆಸುಗಿ ಉಳದೈತಿ" ಅಂದ. ಅವತ್ತು ರಾತ್ರಿ ಅವರಿಗೆ ಊಟ ಸೇರಲಿಲ್ಲ!

ನಾನೊಮ್ಮೆ ಪೂಜೆಯ ತಂಬಿಗೆಯ ಜೊತೆ ಅವರ ಡಬ್ಬಿಯ ನಾಣ್ಯಗಳಿಗೂ ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿಟ್ಟೆ.

"ಎಂಥ ಕೆಲ್ಸ ಮಾಡಿದೆಲೇ. ತಿಕ್ಕಿದ್ರ ನಾಣ್ಯದ ಬೆಲಿ ಹೋಗತೈತಿ. ಎಲ್ಲಾ ಕೆಟ್ಟು ಹೋದ್ವು."

"ಮೊದ್ಲು ರೈಲಿಂದ ಕೆಟ್ಟಿದ್ವು, ಈಗ ನನ್ನಿಂದ," ಅಂದುಬಿಟ್ಟೆ. ನನ್ನ ಬಾಯಿಂದ ಅಷ್ಟು ಮಾತು ಬಂದದ್ದು ಕೇಳಿ ಅವರಿಗೆ ಸಿಟ್ಟೇ ಮರೆತುಹೋಯಿತು.

ಕೊನೆಗೆ, ನಿವೃತ್ತಿಯ ವರ್ಷ, ಒಂದು ಸಿಕ್ಕಿತು. ಅಂಚಿನಲ್ಲಿ ಇಲಿ ಕಚ್ಚಿದಂತೆ ಒಂದು ಚೂರು ಇರಲಿಲ್ಲ. ಯಾರೋ ಕತ್ತರಿಸಿರಬೇಕು ಅಂದೆ.

"ಕತ್ತರಿಸಿದ್ರ ಎದುರಿನ ಅಂಚಿಗೆ ಏನೂ ಆಗಿರಂಗಿಲ್ಲ. ಹುಟ್ತಾನ ಕೊರತಿ ಇದ್ರ, ಅಚ್ಚು ಬೀಳೋವಾಗ ಎದುರಿನ ಅಂಚೂ ಮಸುಕಾಗತೈತಿ. ನೋಡಿಲ್ಲಿ."

ನೋಡಿದೆ. ಮಸುಕಾಗಿತ್ತು. ಅಂದಿನಿಂದ ಅದು ಬನಿಯನ್ನಿನ ಒಳಜೇಬಿನಲ್ಲೇ. ಸ್ನಾನಕ್ಕೆ ಹೋದರೆ ಬನಿಯನ್ನಿಗೆ ನಾನು ಕಾವಲು!

ಅದೇ ವರ್ಷ, ಭೂಮಿಕಾ, ಕಾನಹೊಸಹಳ್ಳಿಯ ನಿಮ್ಮವ್ವನ ತವರಲ್ಲಿ ನೀನು ಹುಟ್ಟಿದೆ. ನಿನ್ನ ಎಡಗಿವಿಯ ಅಂಚಿನಲ್ಲಿ ಒಂದು ಚೂರು ಇರಲಿಲ್ಲ. ನಾವು ನೋಡಲು ಹೋದಾಗ ಓಣಿಯ ಹೆಂಗಸರು ಆಗಲೇ ತೀರ್ಮಾನ ಮಾಡಿಯಾಗಿತ್ತು: "ಗ್ರಹಣದಾಗ ಈಳಿಗಿ ಹಿಡದಿದ್ಲಂತ. ಅದಕ್ಕ." ನಿಮ್ಮವ್ವ ಅತ್ತೆಮಾವ ಏನೆನ್ನುವರೋ ಎಂಬ ಭಯದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಅಜ್ಜ ಭೂತಗನ್ನಡಿ ತೆಗೆದರು. ಎಡಗಿವಿ ನೋಡಿದರು. ಮೆಲ್ಲಗೆ ನಿನ್ನ ತಲೆ ಹೊರಳಿಸಿ ಬಲಗಿವಿ ನೋಡಿದರು. ಹೆಂಗಸರು ಕತ್ತು ಚಾಚಿ ಬಗ್ಗಿ ನೋಡಿದರು.

"ಎದುರಿನ ಅಂಚೂ ಚೂರು ತೆಳ್ಳಗೈತಿ. ಅಸಲಿ ಐತ್ರಿ ಇದು. ಈಳಿಗಿನೂ ಅಲ್ಲ, ಗ್ರಹಣನೂ ಅಲ್ಲ, ಯಾರೂ ಏನೂ ಮಾಡಿಲ್ಲ. ಅಳಬ್ಯಾಡವ್ವ, ಅಪರೂಪದಾಕಿ ಹುಟ್ಟ್ಯಾಳ."

ಕೂಸನ್ನು ಮೊದಲ ಸಲ ನೋಡಿದವರು ಕೈಗೆ ದುಡ್ಡು ಇಡಬೇಕಲ್ಲ? ಅವರು ಬನಿಯನ್ನಿನ ಒಳಜೇಬಿಗೆ ಕೈ ಹಾಕಿದರು.

"ಅದು ಬ್ಯಾಡ್ರಿ, ನನ್ನ ಹತ್ರ ನೂರರ ನೋಟೈತಿ," ಎಂದು ಪಿಸುಗುಟ್ಟಿದೆ. ಕೇಳಲಿಲ್ಲ. ನಿನ್ನ ಮುಷ್ಟಿ ಬಿಡಿಸಿ ಅದನ್ನೇ ಇಟ್ಟರು. ನಿಮ್ಮವ್ವ ಗೋಡೆಯಿಂದ ಈ ಕಡೆ ತಿರುಗಿದಳು.

ಆಮೇಲೆ ಎಷ್ಟೋ ವರ್ಷ ನಿನ್ನ ತಲೆಗೆ ಎಣ್ಣೆ ಹಚ್ಚುವಾಗೆಲ್ಲ ಬಲಗಿವಿಯನ್ನು ಸವರಿ ನೋಡಿದ್ದೇನೆ. ತೆಳ್ಳಗೇನೂ ಇಲ್ಲ, ಮಗಳೇ. ಎಲ್ಲರ ಕಿವಿಯಂತೆಯೇ ಇದೆ. ಅವರನ್ನು ಕೇಳೋಣವೆಂದರೆ ನಾಚಿಕೆ. ಈಗ ಅವರೇ ಇಲ್ಲ.

ಈ ಹಾಳೆಗಳನ್ನು ಮಡಚಿ ಆ ನಾಣ್ಯದ ಡಬ್ಬಿಯಲ್ಲೇ ಇಡಿ. ಕೊಟ್ರೇಶ, ಅದನ್ನು ರೈಲು ಹಳಿಯ ಹತ್ತಿರ ಒಯ್ಯಬೇಡ. ಭೂಮಿಕಾ, ಎಷ್ಟೇ ಮಾಸಲಿ, ಹುಣಸೆಹಣ್ಣು ಹಚ್ಚಬೇಡ.