ಡುಬ್ಬದ ನರಿ

ಶಿವ ಕೊಟ್ಟ ಕಾಯಕ ಯಾವುದೇ ಇರಲಿ, ಸಮಾಧಾನದಿಂದ ಮಾಡಬೇಕು ಎಂದು ನಂಬಿದವ ನಾನು. ಆದರೆ ಗೋಕಾವಿಯಲ್ಲಿ ಸಾಹೇಬರ ಬಂಗಲೆಗೆ ಚಾಕರಿಗೆ ಸೇರಿದ ಮೇಲೆ ಎದೆ ಧಸಕ್ಕೆನ್ನುವಂಥವೇ ಒಂದರ ಹಿಂದೆ ಒಂದು ನಡೆದವು.

ಚಾಕು

ಸಾಹೇಬರು ಒಂದು ನರಿ ಹೊಡೆದು ತಂದರು. ಅದರ ತೊಗಲು ಸುಲಿದು, ಒಳಗೆ ಬೇರೆ ಮೈ ಮಾಡಿ, ಜೀವಂತ ಇದ್ದಂತೆ ಪಡಸಾಲೆಯಲ್ಲಿ ನಿಲ್ಲಿಸಬೇಕಂತೆ. ಆ ಕೆಲಸ ಬಲ್ಲವ ಜ್ವರ ಬಂದು ಮಲಗಿದ್ದ. ಸಾಹೇಬರು ನನ್ನತ್ತ ಬೆರಳು ಮಾಡಿದರು. ನರಿ ಚೆನ್ನಾಗಿ ನಿಂತರೆ ನೌಕರಿ ಕಾಯಂ, ಕೆಟ್ಟರೆ ತಿರುಗಿ ನನ್ನೂರು ಹುಕ್ಕೇರಿಯ ಹಾದಿ ಎಂದು ಹೇಳಿ ಬೆಳಗಾವಿಗೆ ಹೊರಟುಹೋದರು.

ನಾನು ಕೊರಳಲ್ಲಿ ಲಿಂಗ ಕಟ್ಟಿದವ. ಬದನೆಕಾಯಿ ಬಿಟ್ಟು ಮತ್ತೊಂದರ ಮೇಲೆ ಚಾಕು ಇಟ್ಟವನಲ್ಲ. ಶಿವ ನೋಡದಿರಲೆಂದು ಲಿಂಗವನ್ನು ಬೆನ್ನಿಗೆ ಸರಿಸಿಕೊಂಡು ನರಿಯ ಹೊಟ್ಟೆ ಕೊಯ್ದೆ. ಬುತ್ತಿ ತಂದ ಹೆಂಡತಿ ಅದನ್ನು ಬಾಗಿಲಲ್ಲೇ ಇಳಿಸಿದಳು. ನನ್ನ ಬೆನ್ನು ನೋಡಿ ಕೇಳಿದ್ದು ಇಷ್ಟೇ:

“ಹೌದ್ರಿ, ಬೆನ್ನಿಗೆ ಕುಂತ ಶಿವ ಕುರುಡ ಏನ್ರಿ?”

ಉಪ್ಪು

ಸುಲಿದ ತೊಗಲು ಕೆಡದಂತೆ ಉಪ್ಪು ತಿಕ್ಕಬೇಕಿತ್ತು. ಉಪ್ಪು ಕೊಡೆಂದರೆ ಹೆಂಡತಿ, ವರ್ಷಗಟ್ಟಲೆ ಬಾಳಬೇಕಾದರೆ ಬರೀ ಉಪ್ಪು ಸಾಲದೆಂದು ಅರಿಷಿಣ, ಖಾರಪುಡಿ, ಸಾಸಿವೆ, ಇಂಗು ಎಲ್ಲ ಕೂಡಿಸಿ ಕೊಟ್ಟಳು. ಅವಳ ಮಾವಿನ ಉಪ್ಪಿನಕಾಯಿ ಎಂದೂ ಕೆಟ್ಟಿಲ್ಲವಲ್ಲ! ನಾನೂ ನಂಬಿ ತಿಕ್ಕಿ, ಬುಟ್ಟಿಯಲ್ಲಿಟ್ಟು ಅರಿವೆ ಮುಚ್ಚಿದೆ. ಮಧ್ಯಾಹ್ನ ತೋಟದ ಮಾಲಿ ಅಂಗೈಯಲ್ಲಿ ರೊಟ್ಟಿ ಹಿಡಿದು ಬಂದ.

“ಯಣ್ಣಾ, ವಾಸನಿ ಘಮ್ಮಂತೈತಿ. ಒಂದು ಹೋಳು ಹಾಕು.”

ಹಾಕೆಂದವನೇ ಅರಿವೆ ಎತ್ತಿದ. ರೊಟ್ಟಿ ಅಲ್ಲೇ ಬಿತ್ತು, ಓಟ ಕಿತ್ತ ಮಾಲಿ ದೂರದ ಅಂಕಲಗಿಯಲ್ಲಿ ಸಿಕ್ಕ.

ಡುಬ್ಬ

ಇನ್ನು ಒಳಗಿನ ಮೈ. ಹುಟ್ಟಿದಾಗಿನಿಂದ ನನ್ನ ಕೈ ಮಣ್ಣಿನಲ್ಲಿ ಮಾಡಿದ್ದು ಒಂದೇ, ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು. ನರಿಯನ್ನೇ ನೆನೆಯುತ್ತ ಎರೆಮಣ್ಣು ಮೆತ್ತಿದೆ. ಕೈ ತನ್ನ ರೂಢಿಯಂತೆ ನಡೆಯಿತು. ತೊಗಲು ಹೊಲಿದು ನಿಲ್ಲಿಸಿ ನೋಡಿದರೆ ಅರಿಷಿಣ ಬಣ್ಣದ ನರಿ, ಎತ್ತಿನಂತೆ ಕೊರಳೆತ್ತಿ, ಹೆಗಲ ಮೇಲೆ ಡುಬ್ಬ ಹೊತ್ತು ನಿಂತಿದೆ! ತಿದ್ದಬೇಕೆನ್ನುವಷ್ಟರಲ್ಲಿ ಅಂಗಳದಲ್ಲಿ ಮೋಟಾರಿನ ಸದ್ದು.

ಸಾಹೇಬರು ಒಳಗೆ ಬಂದವರೇ ದಂಗಾದರು.

“ಇದು ಏನು?”

“ನೀವು ಹೊಡದ ನರೀನೇ ರಿ.”

ಅವರ ಮುಖ ಕೆಂಪೇರಿತು. ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿದೆ. ಅಷ್ಟರಲ್ಲಿ ಜೊತೆಗೆ ಬಂದಿದ್ದ ಇನ್ನೊಬ್ಬ ಸಾಹೇಬರು ಟೊಪ್ಪಿಗೆ ತೆಗೆದು, ನರಿಯ ಸುತ್ತ ಒಂದು ಸುತ್ತು ಬಂದು, ಜೋರಾಗಿ ಸೀನಿ, ನಮ್ಮ ಸಾಹೇಬರ ಕೈ ಕುಲುಕಿದರು. ತಾವು ಇಷ್ಟು ವರ್ಷ ಬೇಟೆಯಾಡಿದರೂ ಇಂಥ ಮೃಗವನ್ನು ಕಂಡಿಲ್ಲವಂತೆ, ಇದು ಸಿಕ್ಕಿದ್ದೆಲ್ಲಿ ಎಂದು ಕೇಳಿದರು. ಸಾಹೇಬರು ಮೀಸೆ ತೀಡಿ ಕಿಟಕಿಯಾಚೆಯ ಗುಡ್ಡ ತೋರಿಸಿದರು.

ಅತಿಥಿಯನ್ನು ಕಳಿಸಿ ಬಂದು, ನನ್ನನ್ನು ಮೂಲೆಗೆ ಕರೆದು ಮೆಲ್ಲಗೆ ಹೇಳಿದರು:

“ನಿನ್ನ ನೌಕರಿ ಕಾಯಂ. ಇದು ನರಿ ಅಂತ ಯಾರಿಗೂ ಹೇಳಬೇಡ.”