ಇಂಡಿಯಾ ಗೇಟಿನ ದಾನಿಗಳು

ಎಲ್ಲಕ್ಕೂ ಕಾರಣ ದೆಹಲಿಯ ಲಾಡ್ಜಿನ ಕೆಟ್ಟುಹೋದ ಗೀಸರ್. ಜನವರಿಯ ಆ ಬೆಳಿಗ್ಗೆ ಈಶ್ವರಮಂಗಲದ ಮಹಾಗಣಪತಿ ಭಟ್ಟ ನಲ್ಲಿಯ ನೀರಿಗೆ ಒಂದು ಬೆರಳು ಒಡ್ಡಿ, ಆ ಬೆರಳು ಇನ್ನೂ ತನ್ನದೇ ಹೌದೋ ಎಂದು ನೋಡಿಕೊಂಡು, ತಲೆಗೆ ನಾಲ್ಕು ಹನಿ ಚಿಮುಕಿಸಿ, ಸ್ನಾನವಾಯಿತೆಂದು ಹೊರಬಂದಿದ್ದ. ಊರಿನಲ್ಲಿ ಹಂಡೆಯ ಬಿಸಿನೀರು ತಳ ಕಾಣುವವರೆಗೆ ಮೀಯುವ ಜೀವ ಅದು.

ಜೊತೆಗಿದ್ದವರು ದೊಡ್ಡಮ್ಮ ಮೂಕಾಂಬಿಕಾ. ಅವರದೊಂದು ನಿಯಮವಿತ್ತು. ಸಮಾಧಿಯೋ ಸುಡುಗಾಡೋ, ಸತ್ತವರ ಜಾಗಕ್ಕೆ ಹೋಗಿಬಂದವರು ತಲೆಗೆ ಮೀಯದೆ ಒಂದು ತೊಟ್ಟು ನೀರೂ ಕುಡಿಯುವಂತಿಲ್ಲ. ಟೂರಿನ ಬಸ್ಸು ಹೊರಟ ಮೇಲೆಯೇ ಮಹಾಗಣಪತಿಗೆ ತಿಳಿದದ್ದು, ಆ ದಿನ ನೋಡಲಿಕ್ಕಿದ್ದದ್ದೆಲ್ಲ ಸತ್ತವರ ಜಾಗಗಳೇ ಎಂದು. ಆ ತಣ್ಣೀರನ್ನು ನೆನೆಸಿಕೊಂಡವನೇ ಸುಳ್ಳು ಹೇಳುವುದೆಂದು ನಿಶ್ಚಯಿಸಿದ.

ಹಾಗಾಗಿ ಹುಮಾಯೂನನ ಗೋರಿ ಅರಮನೆಯಾಯಿತು. ಅರಮನೆಗೆ ಅಡುಗೆಕೋಣೆ ಯಾಕಿಲ್ಲ ಎಂದು ದೊಡ್ಡಮ್ಮ ಕೇಳಿದಾಗ, ರಾಜ ಊಟ ಹೊರಗಿನಿಂದ ತರಿಸುತ್ತಿದ್ದ ಎಂದ. ಲೋದಿಗಳ ಗುಮ್ಮಟ ಅವರ ನೆಂಟರು ಇಳಿದುಕೊಳ್ಳುತ್ತಿದ್ದ ಮನೆಯಾಯಿತು. ರಾಜಘಾಟ್, ಗಾಂಧೀಜಿ ಕೂತು ನೂಲುತ್ತಿದ್ದ ಕಟ್ಟೆಯಾಯಿತು.

ತೊಂದರೆ ಕೊಟ್ಟವನು ಅದೇ ಬಸ್ಸಿನ ಪಂಜದ ವೆಂಕಪ್ಪ ಗೌಡ. ಮೊಬೈಲು ನೋಡಿ ನೋಡಿ ದೆಹಲಿಯ ಚರಿತ್ರೆಯನ್ನೆಲ್ಲ ಉರು ಹೊಡೆದಿದ್ದ ಮನುಷ್ಯ. ಅವನು ಬಾಯಿ ತೆರೆದಾಗಲೆಲ್ಲ ಮಹಾಗಣಪತಿ ಒಂದೊಂದು ಚಕ್ಕುಲಿ ಕೊಟ್ಟು ಮುಚ್ಚಿಸುತ್ತಿದ್ದ. ಇಂಡಿಯಾ ಗೇಟಿಗೆ ತಲುಪುವಾಗ ಚಕ್ಕುಲಿಯ ಡಬ್ಬ ಖಾಲಿಯಾಗಿತ್ತು.

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಗೋಡೆ ನೋಡಿದರು. "ಇಷ್ಟೊಂದು ಹೆಸರು ಎಂತಕ್ಕೆ ಮಾಣಿ?"

"ದಾನಿಗಳದ್ದು ದೊಡ್ಡಮ್ಮ. ನಮ್ಮ ದೇವಸ್ಥಾನದಲ್ಲಿ ಬ್ರಹ್ಮಕಲಶ ಆದ ಮೇಲೆ ಕಲ್ಲಿನಲ್ಲಿ ಬರೆಸುದಿಲ್ವಾ, ಹಾಗೆ."

ಹೇಳಿದ ಮೇಲೆ ಅವನಿಗೆ ನಾಚಿಕೆಯಾಯಿತು. ಯುದ್ಧದಲ್ಲಿ ಮಡಿದವರು ಅವರು, ಪ್ರಾಣ ಕೊಟ್ಟವರಿಗಿಂತ ದೊಡ್ಡ ದಾನಿಗಳುಂಟೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಷ್ಟರಲ್ಲಿ ದೊಡ್ಡಮ್ಮನ ಮುಖ ಅರಳಿತ್ತು. ಊರಿನ ದೇವಸ್ಥಾನದ ಕಲ್ಲಿನಲ್ಲಿ ಅವನ ಹೆಸರು ಬಿಟ್ಟುಹೋದದ್ದು ಅವರಿಗೆ ಇನ್ನೂ ಮರೆತಿರಲಿಲ್ಲ. ಇಲ್ಲಿಯೇ ಬರೆಸುವ ಎಂದವರೇ ಪೊಲೀಸಿನವನ ಹತ್ತಿರ ನಡೆದರು.

ಪೊಲೀಸಿನವನಿಗೆ ಕನ್ನಡ ಬಾರದು, ದೊಡ್ಡಮ್ಮನಿಗೆ ಹಿಂದಿ ಬಾರದು. ಅವರು ಗೋಡೆ ತೋರಿಸಿದರು, ಮಹಾಗಣಪತಿಯನ್ನು ತೋರಿಸಿದರು, ಗಾಳಿಯಲ್ಲಿ ಬರೆದು ತೋರಿಸಿದರು. ಅವನು "ಫೌಜಿ?" ಎಂದ. ಒಪ್ಪಿಗೆಯೋ ಎಂದು ಕೇಳುತ್ತಿದ್ದಾನೆಂದು ತಿಳಿದು ದೊಡ್ಡಮ್ಮ ತಲೆಯಾಡಿಸಿದರು. ಯಾರೋ ಸೈನಿಕನಿರಬೇಕೆಂದು ಪೊಲೀಸಿನವ ಮಹಾಗಣಪತಿಗೆ ನೆಟ್ಟಗೆ ನಿಂತು ಸಲ್ಯೂಟ್ ಹೊಡೆದ. ಏನಾಗುತ್ತಿದೆಯೆಂದೇ ತಿಳಿಯದೆ ಮಹಾಗಣಪತಿಯೂ ಒಂದು ಸಲ್ಯೂಟ್ ಹೊಡೆದ.

ದೊಡ್ಡಮ್ಮ ಕೂಡಲೇ ಅವನ ಮೊಬೈಲು ಕಿತ್ತುಕೊಂಡು ಊರಿನಲ್ಲಿದ್ದ ಅವನ ಹೆಂಡತಿ ಚಿನ್ಮಯಿಗೆ ಫೋನು ಮಾಡಿದರು. "ಇಂಡಿಯಾ ಗೇಟಿನಲ್ಲಿ ನಿನ್ನ ಗಂಡನ ಹೆಸರು ಕೆತ್ತಿಸ್ತಾರೆ ಚಿನ್ಮಯೀ. ಪೊಲೀಸರು ಸಲ್ಯೂಟ್ ಕೂಡ ಹೊಡೆದಾಯ್ತು."

ಅಲ್ಲಿಗೆ ಮೊಬೈಲಿನ ಚಾರ್ಜು ಮುಗಿಯಿತು.

ಸಂಜೆ ಲಾಡ್ಜಿನಲ್ಲಿ ಚಾರ್ಜಿಗಿಟ್ಟದ್ದೇ ತಡ, ಅದು ಬಡಿದುಕೊಳ್ಳತೊಡಗಿತು. ಯಾರು ಮಾತಾಡುವುದೆಂದು ಚಿನ್ಮಯಿ ಅಳುತ್ತ ಕೇಳಿದಳು. ಮಹಾಗಣಪತಿ ನಾನೇ ಎಂದದ್ದಕ್ಕೆ ಅವಳ ಅಳು ಇನ್ನೂ ಜೋರಾಯಿತು.

"ಇಂಡಿಯಾ ಗೇಟಿನಲ್ಲಿ ಸತ್ತವರ ಹೆಸರು ಮಾತ್ರ ಹಾಕುದು ಅಂತ ನನಗೆ ಗೊತ್ತಿಲ್ವಾ? ಫೋನು ಬೇರೆ ಬಂದ್. ನೆಂಟರೆಲ್ಲ ಬಂದು, ಎಲ್ಲರದ್ದೂ ಮಿಂದಾಯ್ತು."

ಸ್ಪೀಕರಿನಲ್ಲಿದ್ದ ಆ ಮಾತು ದೊಡ್ಡಮ್ಮನಿಗೂ ಕೇಳಿಸಿತು. ಅವರು ಮಹಾಗಣಪತಿಯನ್ನು ಬಿಟ್ಟು, ಅಳು ಕೇಳಿ ಬಾಗಿಲಿಗೆ ಬಂದಿದ್ದ ವೆಂಕಪ್ಪನ ಮುಖ ನೋಡಿದರು.

"ಬೆಳಿಗ್ಗೆ ನೋಡಿದ ಮೂರು ಜಾಗವೂ ಹಾಗಿದ್ದದ್ದೇ ಅಮ್ಮ," ಎಂದ ವೆಂಕಪ್ಪ. "ಭಟ್ರ ಚಕ್ಕುಲಿ ಬಾಯಲ್ಲಿತ್ತು, ಹೇಳ್ಲಿಕ್ಕೆ ಆಗಲಿಲ್ಲ."

ದೊಡ್ಡಮ್ಮ ಬೈಯಲಿಲ್ಲ. ತಾನು ತಿಳಿಯದೆ ಹೋದವಳು, ತನಗೆ ಪ್ರೋಕ್ಷಣೆ ಸಾಕು ಎಂದು ತಲೆಗೆ ನಾಲ್ಕು ಹನಿ ಚಿಮುಕಿಸಿಕೊಂಡರು. ತಿಳಿದೂ ತಿಳಿದೂ ಹೋದವನಿಗೆ ಜಾಗಕ್ಕೊಂದರಂತೆ ಬಕೆಟ್ ಎಂದು ತೀರ್ಪಾಯಿತು. ವೆಂಕಪ್ಪ ಅಕ್ಕಪಕ್ಕದ ಕೋಣೆಗಳಿಂದ ಬಕೆಟ್ ತಂದು, ತಣ್ಣೀರು ತುಂಬಿಸಿ, ಸಾಲಾಗಿ ಇಟ್ಟ.

ಮಹಾಗಣಪತಿ ಹಲ್ಲು ಕಡಿಯುತ್ತ ಲೆಕ್ಕ ಹಾಕಿದ. "ನಾಲ್ಕು ಜಾಗ ಅಲ್ವಾ ದೊಡ್ಡಮ್ಮ, ಐದನೇ ಬಕೆಟ್ ಯಾರದ್ದು?"

"ನಿನ್ನದೇ ಮಾಣಿ," ಎಂದರು ದೊಡ್ಡಮ್ಮ. "ನೀನು ಸತ್ತದ್ದಕ್ಕೆ ಊರಿನಲ್ಲಿ ಎಲ್ಲರೂ ಮಿಂದಿದ್ದಾರೆ. ನೀನೊಬ್ಬ ಬಾಕಿ."