ಕಾಲುವೆ ದಂಡೆಯ ಸೈಕಲ್ ಸಾಹೇಬ

ಐವತ್ತು ದಾಟಿದ ಮೇಲೆ ಮನುಷ್ಯನಿಗೆ ಒಂದಲ್ಲ ಒಂದು ಹುಚ್ಚು ಹಿಡಿಯುತ್ತದೆ. ಕೆಲವರು ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟುತ್ತಾರೆ, ಕೆಲವರು ಊರಿನ ಸಂಘಗಳಿಗೆಲ್ಲ ಅಧ್ಯಕ್ಷರಾಗುತ್ತಾರೆ. ನನಗೆ ಹಿಡಿದದ್ದು ಸೈಕಲ್ಲಿನ ಹುಚ್ಚು. ಅದೂ ಸಾದಾ ಸೈಕಲ್ ಅಲ್ಲ, ಗರಸಿನ, ಅಂದರೆ ಸಣ್ಣ ಕಲ್ಲು-ಮಣ್ಣಿನ, ದಾರಿಗೆಂದೇ ಮಾಡಿದ, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲಿನ ಗೇರ್ ಸೈಕಲ್. ತಪ್ಪೆಲ್ಲ ಮೊಬೈಲಿನದು. ಒಂದು ಭಾನುವಾರ ಊಟ ಮಾಡಿ ಅಡ್ಡಾಗಿ ಸುಮ್ಮನೆ ಬೆರಳಾಡಿಸುವಾಗ ಒಂದು ವಿಡಿಯೊ ಬಂತು. ಆಲ್ಪ್ಸ್ ಪರ್ವತದ ದಟ್ಟ ಕಾಡು, ಕಾಡಿನ ನಡುವೆ ನೀಲಿ ಸರೋವರ, ಅದರ ದಂಡೆಗುಂಟ ಗರಸಿನ ದಾರಿ. ಆ ದಾರಿಯಲ್ಲಿ ಒಬ್ಬ ಸೈಕಲ್ ತುಳಿಯುತ್ತ ಹೋಗುತ್ತಿದ್ದ. ಮುಕ್ಕಾಲು ಗಂಟೆ ಕಣ್ಣು ಕೀಳದೆ ನೋಡಿದೆ. ಅಷ್ಟು ಹೊತ್ತಿನಲ್ಲಿ ಅವನನ್ನು ಒಬ್ಬರೂ ‘ಎಲ್ಲಿಗಿ ಹೊಂಟೀರಿ?’ ಎಂದು ಕೇಳಲಿಲ್ಲ. ಸರೋವರ ಕಂಡು ನನಗೆ ಏನೂ ಅನ್ನಿಸಿರಲಿಲ್ಲ, ಇದನ್ನು ಕಂಡು ಹೊಟ್ಟೆ ಉರಿಯಿತು.

ನಾನು ಮಸ್ಕಿಯ ಒಂದು ಕಚೇರಿಯಲ್ಲಿ ಪಹಣಿ ಕೊಡುವ ಗುಮಾಸ್ತ, ಮನೆ ಸಿಂಧನೂರಿನಲ್ಲಿ. ಇಪ್ಪತ್ತು ವರ್ಷದಿಂದ ಕಿಟಕಿಯ ಆಚೆ ಜನ, ಈಚೆ ನಾನು. ದಿನವಿಡೀ ಮಾತು, ತಕರಾರು. ದಿನಕ್ಕೊಂದು ತಾಸು ಯಾರೂ ಮಾತಾಡಿಸದ ಕಡೆ ಇರಬೇಕೆಂಬುದಷ್ಟೇ ನನ್ನ ಆಸೆ. ಸೈಕಲ್ ಲಿಂಗಸುಗೂರಿನಲ್ಲಿ ಸಿಕ್ಕಿತು. ಅಲ್ಲಿನ ವೈದ್ಯರೊಬ್ಬರು ತೂಕ ಇಳಿಸಲೆಂದು ತರಿಸಿ, ಮೂರು ದಿನ ತುಳಿದು, ಇದಕ್ಕಿಂತ ತೂಕವೇ ವಾಸಿ ಎಂದು ಮೂಲೆಗಿಟ್ಟಿದ್ದರು. ಬಸ್ಸಿನ ಮೇಲೆ ಹೇರಿಕೊಂಡು ತಂದೆ. ಹೆಂಡತಿ ಗಿರಿಜಾ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ ಇಲ್ಲ. ಏನೂ ಇಲ್ಲದ್ದನ್ನ ಹುಡುಕಿ ತಂದೀರಲ್ಲ!” ಎಂದಳು.

ಮೊದಲ ಮೂರು ದಿನ ಡಾಂಬರು ರಸ್ತೆಯಲ್ಲಿ ಹೋದೆ. ನಮ್ಮ ಕಡೆ ಗುರುತಿನ ಮನುಷ್ಯ ಸೈಕಲ್ ತುಳಿಯುತ್ತಿದ್ದರೆ ಅವನಿಗೆ ಏನೋ ಆಗಿದೆ ಎಂದೇ ಅರ್ಥ. ಒಬ್ಬರು “ಸಕ್ಕರಿ ಬ್ಯಾನಿ ಬಂದೈತೇನ್ರಿ?” ಎಂದರು. ಇನ್ನೊಬ್ಬರು ಗಾಡಿ ಯಾಕೆ ಮಾರಿದಿರಿ ಎಂದು ಕನಿಕರಪಟ್ಟರು. ಮೂರನೆಯವನು ಬೈಕಿನಲ್ಲಿ ಪಕ್ಕಕ್ಕೆ ಬಂದವನೇ ನನ್ನ ಸೈಕಲ್ಲಿಗೆ ಕಾಲು ಕೊಟ್ಟು, ಬೇಡ ಬೇಡವೆಂದರೂ ಎರಡು ಕಿಲೋಮೀಟರ್ ತಳ್ಳಿಕೊಂಡು ಹೋಗಿ ಬಿಟ್ಟ. ಅವನಿಗೆ ಥ್ಯಾಂಕ್ಸ್ ಹೇಳಿ, ಆ ಎರಡು ಕಿಲೋಮೀಟರ್ ವಾಪಸು ಬಂದು ಮತ್ತೆ ತುಳಿದೆ.

ನಾಲ್ಕನೆಯ ದಿನ ಕಾಲುವೆ ದಂಡೆ ಹಿಡಿದೆ. ಆಲ್ಪ್ಸ್ ಅಲ್ಲವಾದರೂ ನೀರಿತ್ತು, ಗರಸಿತ್ತು, ಎರಡೂ ಕಡೆ ಕಾಡಿನಷ್ಟೇ ದಟ್ಟವಾದ ಜಾಲಿ ಇತ್ತು. ಮುಳ್ಳಿಗೆ ಪಂಕ್ಚರ್ ಆಗುವುದೊಂದು ಬಿಟ್ಟರೆ ನನಗೆ ಯಾವ ಕೊರತೆಯೂ ಕಾಣಲಿಲ್ಲ. ತಲೆಗೆ ಬಿಳಿ ಹೆಲ್ಮೆಟ್, ಕಣ್ಣಿಗೆ ಕಪ್ಪು ಕನ್ನಡಕ, ಧೂಳಿಗೆಂದು ಮುಖಕ್ಕೆ ಸುತ್ತಿದ ವಸ್ತ್ರ, ಮೈಮೇಲೆ ಮಿಂಚುವ ಹಳದಿ ಅಂಗಿ. ಬೆಳಗಿನ ನೀರು ಚೆಂದ ಕಂಡಲ್ಲೆಲ್ಲ ನಿಂತು ಫೋಟೊ ತೆಗೆಯುತ್ತಿದ್ದೆ. ಯಾರೂ ಮಾತಾಡಿಸಲಿಲ್ಲ. ದೂರದಿಂದಲೇ ನನ್ನನ್ನು ಕಂಡು ಎದ್ದು ನಿಲ್ಲುತ್ತಿದ್ದರು, ಕೆಲವರು ಕೈ ಮುಗಿಯುತ್ತಿದ್ದರು. ಈ ಭಾಗದ ರೈತರ ಸಂಸ್ಕಾರ ದೊಡ್ಡದು ಎಂದುಕೊಂಡೆ.

ಸಂಸ್ಕಾರದ ಗುಟ್ಟು ಎರಡು ವಾರದ ಮೇಲೆ ಕಾಲುವೆಯ ಕೊನೆಯಲ್ಲಿ ತಿಳಿಯಿತು. ಅಲ್ಲಿ ಅಮರಪ್ಪ ಎಂಬ ಹಿರಿಯರು ದಾರಿಗೆ ಅಡ್ಡ ನಿಂತು, ಸ್ಟೀಲಿನ ಲೋಟದಲ್ಲಿ ಚಹಾ ಹಿಡಿದು, “ಸಾಹೇಬ್ರ, ನಿಮ್ಮ ಪುಣ್ಯಾದಿಂದ ನಮ್ಮ ಗದ್ದಿಗೆ ನೀರು ಬರಾಕತ್ತೈತ್ರಿ” ಎಂದರು. ನಾನು ಸಾಹೇಬನಲ್ಲವೆಂದು ಹೆಲ್ಮೆಟ್ಟು, ಕನ್ನಡಕ, ವಸ್ತ್ರ ಎಲ್ಲ ತೆಗೆದೆ. ಅಮರಪ್ಪ ನನ್ನ ಮುಖವನ್ನೇ ನೋಡಿದರು. “ಅಯ್ಯ, ನೀವು ಮಸ್ಕ್ಯಾಗ ಪಹಣಿ ಕೊಡಾವ್ರಲ್ಲೇನ್ರಿ!”

ವಿಷಯ ಇಷ್ಟು. ಮೇಲ್ಭಾಗದವರು ಕಾಲುವೆಗೇ ಪೈಪು ಇಳಿಬಿಟ್ಟು ಪಂಪಿನಿಂದ ನೀರೆತ್ತುತ್ತಾರೆ, ಕೊನೆಗೆ ತೇವವೂ ತಲುಪುವುದಿಲ್ಲ. ನೀರಾವರಿ ಇಲಾಖೆಯ ತಪಾಸಣೆಯ ಜೀಪು ಹೊರಟರೆ ಊರಿಂದ ಊರಿಗೆ ಫೋನ್ ಹೋಗುತ್ತದೆ. ಜೀಪು ಬರುವಷ್ಟರಲ್ಲಿ ಪೈಪುಗಳೆಲ್ಲ ಜಾಲಿಯೊಳಗೆ, ಅದು ದಾಟಿದ ಮೇಲೆ ಮತ್ತೆ ನೀರೊಳಗೆ. ಈಗ ಯಾರೋ ಖಡಕ್ ಸಾಹೇಬ ಬಂದಾನ, ಸದ್ದು ಕೇಳಬಾರದೆಂದು ಜೀಪು ಬಿಟ್ಟು ಸೈಕಲ್ ಹತ್ಯಾನ, ಪೈಪಿನ ಫೋಟೊ ಹೊಡಕೊಂಡು ಹೋಗ್ತಾನ ಎಂಬ ಸುದ್ದಿ ಹಬ್ಬಿತ್ತು. ಬೆಳಗ್ಗೆ ಹೋದವನು ಮತ್ತೆ ಯಾವಾಗ ಸದ್ದಿಲ್ಲದೆ ತಿರುಗಿ ಬರುತ್ತಾನೋ ತಿಳಿಯದೆ ಹೆದರಿ ಜನ ಪೈಪುಗಳನ್ನು ಪೂರ್ತಿ ಎತ್ತಿಟ್ಟಿದ್ದರು.

“ಹಂಗಾದ್ರ ನಾಳೆಯಿಂದ ಬರೂದಿಲ್ರಿ” ಎಂದೆ. ಅಮರಪ್ಪ ಹೌಹಾರಿದರು. “ಹಂಗ ಮಾಡಬ್ಯಾಡ್ರಿ ಯಪ್ಪಾ! ಎರಡು ಎಕರೆ ನೆಲ್ಲು ತೆನಿ ಹೊರಗ ಹಾಕಾಕತ್ತೈತಿ. ಇನ್ನ ಮೂರು ವಾರ ನೀರು ಬಂದ್ರ ಉಳಿತೈತಿ, ಇಲ್ಲಂದ್ರ ಬರೇ ಜಳ್ಳು. ಅಲ್ಲಿ ಮಟ ದಿನಾ ಬರ್ರಿ. ಆ ಟೊಪಗಿ ಮಾತ್ರ ತೆಗಿಬ್ಯಾಡ್ರಿ.” ಅವರೇ ವಸ್ತ್ರ ಎತ್ತಿ ನನ್ನ ಮುಖಕ್ಕೆ ಸುತ್ತಿದರು.

ಹೀಗೆ ಕೆಲಸದಿಂದ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದು ಕೆಲಸ ಗಂಟುಹಾಕಿಕೊಂಡೆ. ರಜೆಯಿಲ್ಲ, ಬೆಳಗ್ಗೆ ಐದೂವರೆಗೆ ಹಾಜರು. ಆದರೆ ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಗತೊಡಗಿತು. ಇಪ್ಪತ್ತು ವರ್ಷ ಸರ್ಕಾರಿ ಕುರ್ಚಿಯಲ್ಲಿ ಕೂತರೂ ನನಗೆ ಒಂದು ಕೋಳಿಯೂ ಹೆದರಿರಲಿಲ್ಲ. ಇಲ್ಲಿ ನಾನು ಸುಮ್ಮನೆ ಬ್ರೇಕ್ ಹಿಡಿದರೆ ಸಾಕು, ದಡದ ಮೇಲಿನವರು ನಡುಗುತ್ತಿದ್ದರು. ಕೆಮ್ಮುವುದನ್ನೂ ಒಂದಿಷ್ಟು ಗಂಭೀರವಾಗಿ ಕಲಿತೆ. ಬಳಗಾನೂರಿನ ದಾರಿಯಲ್ಲಿ ಒಂದು ದಿನ ಒಬ್ಬ ಓಡಿ ಬಂದು ಪೈಪೆಳೆದು ಸಲಾಮು ಹೊಡೆದ. ನೋಡಿದರೆ ಹೆಂಡತಿಯ ತಮ್ಮ ಶರಣಪ್ಪ! ಅವನಿಗೆ ನನ್ನ ಗುರುತು ಸಿಗಲಿಲ್ಲ. ನಾನೂ ಸಾಹೇಬನಿಗೆ ತಕ್ಕಂತೆ ಅರ್ಧ ತಲೆ ಆಡಿಸಿ ಮುಂದೆ ಹೋದೆ.

ಆ ಭಾನುವಾರವೇ ಶರಣಪ್ಪ ಮನೆಗೆ ಬಂದ. ಸೈಕಲ್ ಹಿತ್ತಲಲ್ಲಿತ್ತು. “ಅಕ್ಕಾ, ಯಾವನೋ ಒಬ್ಬ ಸೈಕಲ್ ಸಾಹೇಬ ಬಂದು ಜೀವ ತಿನ್ನಾಕತ್ತಾನ. ಪೈಪು ಹಾಕಾಕ ಬಿಡವಲ್ಲ. ಈ ಸಲ ನಿಮಗ ಅಕ್ಕಿ ಕಳಸೂದು ಡೌಟು” ಎಂದ. ಆಮೇಲೆ ನನ್ನ ಕಡೆ ತಿರುಗಿ, “ಮಾವ, ನೀವೂ ಆಫೀಸಿನಾಗ ಅದೀರಿ. ಆ ಸಾಹೇಬ್ರಿಗೆ ನನ್ನ ಹೊಲ ಒಂದು ಬಿಡ್ರಿ ಅಂತ ಹೇಳ್ರಿ” ಎಂದ. ನಾನು ಹೇಳಿ ನೋಡುತ್ತೇನೆ ಎಂದೆ. ಗಿರಿಜಾ ಹಿತ್ತಲಿನ ಕಡೆ ಒಮ್ಮೆ ನೋಡಿ ಚಹಾ ಕೊಟ್ಟಳು. ತಮ್ಮ ಹೋದ ಮೇಲೆ, “ನನ್ನ ತಮ್ಮನ ಹೊಲ ಒಣಗಿದ್ರ ಆ ಸಾಹೇಬ್ರಿಗೆ ಈ ಮನ್ಯಾಗ ಊಟ ಇಲ್ಲ” ಎಂದು ಒಳಗೆ ಹೋದಳು.

ಮರುದಿನದಿಂದ ಶರಣಪ್ಪನ ಹೊಲ ಬರುವ ಮೊದಲೇ ದಂಡೆಯಿಂದ ಇಳಿದು, ಡಾಂಬರು ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ಹೋಗಿ, ಮುಂದೆ ಮತ್ತೆ ದಂಡೆ ಹತ್ತತೊಡಗಿದೆ. ಅಲ್ಲಿ ಗರಸು ಭಾಳ ದಪ್ಪ, ಟೈರಿಗೆ ಒಳ್ಳೆಯದಲ್ಲ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಶರಣಪ್ಪನ ಪೈಪು ನೀರಿಗಿಳಿಯಿತು. ಅದನ್ನು ನೋಡಿ ಪಕ್ಕದವನದೂ ಇಳಿಯಿತು, ಆಮೇಲೆ ಅವನ ಪಕ್ಕದವನದು. ಐದನೆಯ ದಿನ ಕಾಲುವೆಯ ಕೊನೆಗೆ ಹೋದರೆ ಚಹಾ ಇರಲಿಲ್ಲ. ಅಮರಪ್ಪ ಬಿರುಕು ಬಿಡುತ್ತಿದ್ದ ಗದ್ದೆಯ ಬದುವಿನಲ್ಲಿ ಕೂತಿದ್ದರು. ಅವರು ಬೈಯಲಿಲ್ಲ, ಸಿಟ್ಟಾಗಲಿಲ್ಲ. “ಮೇಲಿನ ಸುದ್ದಿ ಎಲ್ಲಾ ಬಂತ್ರಿ, ಒಬ್ಬರ ಹೊಲ ಬಿಟ್ಟು ಸುತ್ತು ಹಾಕಿ ಹೊಂಟೀರಂತ. ಇಷ್ಟು ದಿನ ವೇಷ ಇತ್ತು. ಈಗ ನೀವು ಖರೇನ ಸಾಹೇಬ್ರಾದ್ರಿ ಬಿಡ್ರಿ” ಎಂದರಷ್ಟೆ. ನನಗೆ ನಾಚಿಕೆಯಾಯಿತು. ವಸ್ತ್ರದೊಳಗಿದ್ದರೂ ಮುಖ ಮುಚ್ಚಿಕೊಳ್ಳಬೇಕೆನ್ನಿಸಿತು.

ಮಾರನೆಯ ದಿನ ದಂಡೆಯಿಂದ ಇಳಿಯಲಿಲ್ಲ. ನೆಟ್ಟಗೆ ಶರಣಪ್ಪನ ಪೈಪಿನ ಮುಂದೆ ಹೋಗಿ ಬ್ರೇಕ್ ಹಿಡಿದೆ. ಅವನು ಟವಲು ಸರಿಮಾಡಿಕೊಳ್ಳುತ್ತ ಓಡಿ ಬಂದ. ಈ ಸಲ ಹೆದರಿಕೆಯಿರಲಿಲ್ಲ, ಮುಖದ ತುಂಬ ನಗೆ. “ಸಾಹೇಬ್ರ, ನಮ್ಮ ಮಾವ ನಿಮಗ ಹೇಳಿರಬೇಕಲ್ರಿ? ಮಸ್ಕ್ಯಾಗ ಪಹಣಿ ಕೊಡ್ತಾರ ನೋಡ್ರಿ, ಅವರು.”

ಮನೆಯ ಊಟ ಕಣ್ಣ ಮುಂದೆ ಬಂತು. ಬದುವಿನ ಮೇಲೆ ಕೂತ ಅಮರಪ್ಪನೂ ಬಂದರು. ದನಿ ದಪ್ಪ ಮಾಡಿ, “ಹೇಳ್ಯಾರ. ಆದ್ರ ನಿಮ್ಮ ಮಾವನ ಮಾತು ಯಾರು ಕೇಳ್ತಾರಪ?” ಎಂದೆ.

ಶರಣಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ. “ಅದೂ ಖರೇ ಐತ್ರಿ” ಎಂದವನೇ ಬಗ್ಗಿ ಪೈಪು ಎಳೆದುಹಾಕಿದ.

ಅಮರಪ್ಪನ ನೆಲ್ಲು ಕಾಳುಕಟ್ಟಿತು. ನಮ್ಮ ಮನೆಗೆ ಈ ವರ್ಷ ಅಂಗಡಿ ಅಕ್ಕಿ, ಅದನ್ನು ಗಿರಿಜಾ ದಿನಾ ಬಡಿಸುವಾಗ ನೆನಪು ಮಾಡುತ್ತಾಳೆ. ಅದಕ್ಕೆಲ್ಲ ನನಗೆ ಬೇಜಾರಿಲ್ಲ. ಆದರೆ ಶರಣಪ್ಪ ಅಷ್ಟು ಲಗೂನೆ ಒಪ್ಪಿಕೊಂಡನಲ್ಲ, ಆ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಯಾರ ಮುಂದೆಯೂ ಹೇಳಿಕೊಳ್ಳುವಂತೆಯೂ ಇಲ್ಲ.